ಕುಷ್ಠರೋಗ, ಅಂಗವೈಕಲ್ಯ ಮತ್ತು ಔಷಧದಾನ: ಕಂಕನಾಡಿಯಿಂದ ಜೈಪುರ ಪಾದದವರೆಗೆ

ಮಂಗಳೂರಿನ ಕಂಕನಾಡಿಯಲ್ಲಿ 1890ರಲ್ಲಿ ಕುಷ್ಠರೋಗ ಬಾಧಿತರಿಗಾಗಿ ಒಂದು ಆಶ್ರಯಧಾಮ ಆರಂಭವಾಯಿತು. ಆ ಕಾಲದಲ್ಲಿ ಈ ರೋಗವನ್ನು ಗುಣಪಡಿಸುವ ಮದ್ದು ಜಗತ್ತಿನ ಯಾವ ದೇಶದಲ್ಲಿಯೂ ಇರಲಿಲ್ಲ. ಇಂದು ಮದ್ದಿದೆ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಅದು ಉಚಿತವಾಗಿ ಸಿಗುತ್ತದೆ, ಆರು ತಿಂಗಳು ಅಥವಾ ಒಂದು ವರ್ಷ ತೆಗೆದುಕೊಂಡರೆ ರೋಗ ಪೂರ್ಣವಾಗಿ ಗುಣವಾಗುತ್ತದೆ. ಹೀಗಿದ್ದರೂ ಇಂದಿಗೂ ಎಷ್ಟೋ ಮಂದಿ ಕೈಕಾಲುಗಳ ಶಕ್ತಿಯನ್ನು ಕಳೆದುಕೊಂಡ ಮೇಲಷ್ಟೇ ವೈದ್ಯರ ಬಳಿಗೆ ಬರುತ್ತಾರೆ. ಕುಟುಂಬದ ಹೆಸರು, ಮಕ್ಕಳ ಮದುವೆ, ನೆರೆಹೊರೆಯವರ ಮಾತು ಇವುಗಳಿಗೆ ಅಂಜಿ ಮಚ್ಚೆಯನ್ನು ಬಟ್ಟೆಯೊಳಗೆ ಮುಚ್ಚಿಡುವುದೇ ಈ ತಡಕ್ಕೆ ಮುಖ್ಯ ಕಾರಣ.

ರೋಗಪೀಡಿತ ಶರೀರವನ್ನು ಕಂಡು ಪಡುವ ಅಸಹ್ಯಕ್ಕೆ ಜೈನ ಶಾಸ್ತ್ರಗಳು ‘ವಿಚಿಕಿತ್ಸೆ’ ಎಂದು ಹೆಸರಿಟ್ಟಿವೆ. ಅದನ್ನು ಬಿಡುವುದು, ಅಂದರೆ ನಿರ್ವಿಚಿಕಿತ್ಸೆ, ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಮೂರನೆಯದು. ಕುಷ್ಠರೋಗ ಮತ್ತು ಅಂಗವೈಕಲ್ಯದ ವಿಚಾರವು ಶ್ರಾವಕ ಧರ್ಮಕ್ಕೆ ಹೊರಗಿನದಲ್ಲ ಎಂಬುದಕ್ಕೆ ಇಷ್ಟೇ ಸಾಕು. ರೋಗದ ಸ್ವರೂಪ, ಮಂಗಳೂರಿನಲ್ಲಿ ನಡೆದ ಸೇವೆಯ ಇತಿಹಾಸ, ಜೈನ ಪರಂಪರೆಯ ದೃಷ್ಟಿ, ಇಂದಿನ ಕಾನೂನು ಹಾಗೂ ಕುಟುಂಬಗಳಿಗೆ ಬೇಕಾದ ಪ್ರಾಯೋಗಿಕ ಮಾಹಿತಿಯನ್ನು ಇಲ್ಲಿ ಒಟ್ಟಾಗಿ ನೀಡಲಾಗಿದೆ.

ರೋಗದ ಸ್ವರೂಪ

ಕುಷ್ಠರೋಗವು ಒಂದು ಬ್ಯಾಕ್ಟೀರಿಯಾದಿಂದ ಬರುವ ಸೋಂಕು. ನಾರ್ವೆಯ ವೈದ್ಯ ಗೆರ್ಹಾರ್ಡ್ ಹ್ಯಾನ್ಸನ್ 1873ರಲ್ಲಿ ಇದನ್ನು ಕಂಡುಹಿಡಿದರು. ಅವರ ನೆನಪಿಗಾಗಿ ರೋಗಕ್ಕೆ ಹ್ಯಾನ್ಸನ್ ಕಾಯಿಲೆ ಎಂಬ ಹೆಸರೂ ಇದೆ. ಈ ರೋಗಾಣು ಚರ್ಮವನ್ನೂ, ಚರ್ಮದ ಸಮೀಪದಲ್ಲಿರುವ ನರಗಳನ್ನೂ ಆಶ್ರಯಿಸುತ್ತದೆ. ಅದು ಬಹಳ ನಿಧಾನವಾಗಿ ಬೆಳೆಯುವುದರಿಂದ ಸೋಂಕು ತಗುಲಿದ ಮೇಲೆ ಲಕ್ಷಣ ಕಾಣಿಸಿಕೊಳ್ಳಲು ಸರಾಸರಿ ಐದು ವರ್ಷ ಬೇಕಾಗುತ್ತದೆ. ಕೆಲವರಲ್ಲಿ ಇಪ್ಪತ್ತು ವರ್ಷವೂ ಆಗಬಹುದು.

ಇದು ವಂಶಪಾರಂಪರ್ಯವಾಗಿ ಬರುವ ರೋಗವಲ್ಲ. ಕೈ ಕುಲುಕುವುದರಿಂದ, ಜೊತೆಯಲ್ಲಿ ಕುಳಿತು ಊಟ ಮಾಡುವುದರಿಂದ, ಒಂದೇ ಬಸ್ಸಿನಲ್ಲಿ ಪ್ರಯಾಣ ಮಾಡುವುದರಿಂದ ಹರಡುವುದಿಲ್ಲ. ಚಿಕಿತ್ಸೆ ಪಡೆಯದ ವ್ಯಕ್ತಿಯ ಜೊತೆ ದೀರ್ಘಕಾಲ ಹತ್ತಿರದಲ್ಲಿ ಬಾಳಿದಾಗ, ಮೂಗು ಮತ್ತು ಬಾಯಿಯ ತುಂತುರು ಹನಿಗಳ ಮೂಲಕ ಸೋಂಕು ದಾಟಬಹುದು. ಮನುಷ್ಯರಲ್ಲಿ ಬಹುಪಾಲು ಜನರಿಗೆ ಈ ರೋಗಾಣುವನ್ನು ಎದುರಿಸುವ ಶಕ್ತಿ ಹುಟ್ಟಿನಿಂದಲೇ ಇರುತ್ತದೆ. ಔಷಧ ಆರಂಭಿಸಿದ ಕೆಲವೇ ದಿನಗಳಲ್ಲಿ ರೋಗಿಯಿಂದ ಇತರರಿಗೆ ಹರಡುವ ಸಾಧ್ಯತೆ ಇಲ್ಲವಾಗುತ್ತದೆ. ಆದ್ದರಿಂದ ಯಾರನ್ನೂ ಮನೆಯಿಂದ ಹೊರಗಿಡುವ, ತಟ್ಟೆ ಲೋಟ ಬೇರೆ ಮಾಡುವ ಅಗತ್ಯವಿಲ್ಲ.

ಕನ್ನಡದಲ್ಲಿ ತೊನ್ನು ಮತ್ತು ಕುಷ್ಠ ಎಂಬ ಮಾತುಗಳನ್ನು ಅನೇಕರು ಒಂದರ ಬದಲು ಇನ್ನೊಂದಾಗಿ ಬಳಸುತ್ತಾರೆ. ಇವೆರಡೂ ಬೇರೆ ಬೇರೆ. ತೊನ್ನಿನಲ್ಲಿ ಚರ್ಮದ ಬಣ್ಣ ಪೂರ್ಣ ಬಿಳಿಯಾಗುತ್ತದೆ, ಸ್ಪರ್ಶಜ್ಞಾನ ಹಾಗೆಯೇ ಇರುತ್ತದೆ. ಅದು ಸೋಂಕೂ ಅಲ್ಲ, ಅಂಗವೈಕಲ್ಯವನ್ನೂ ತರುವುದಿಲ್ಲ. ಕುಷ್ಠರೋಗದ ಮಚ್ಚೆ ಸಾಮಾನ್ಯವಾಗಿ ಸುತ್ತಲಿನ ಚರ್ಮಕ್ಕಿಂತ ತುಸು ತಿಳಿಯಾಗಿ ಅಥವಾ ಕೆಂಪಾಗಿರುತ್ತದೆ. ಅಲ್ಲಿ ತುರಿಕೆಯಿಲ್ಲ, ನೋವಿಲ್ಲ, ಮುಟ್ಟಿದರೆ ಗೊತ್ತಾಗುವುದಿಲ್ಲ. ನೋವಿಲ್ಲ ಎಂಬ ಕಾರಣಕ್ಕಾಗಿಯೇ ಜನರು ಅದನ್ನು ಅಲಕ್ಷಿಸುತ್ತಾರೆ.

ಕಂಕನಾಡಿಯ ಆಶ್ರಯಧಾಮ

ಜರ್ಮನಿಯ ವೆಸ್ಟ್‌ಫಾಲಿಯಾ ಪ್ರಾಂತದಲ್ಲಿ 1841ರಲ್ಲಿ ಹುಟ್ಟಿದ ಅಗಸ್ಟಸ್ ಮುಲ್ಲರ್ ಯೇಸುಸಭೆಯ ಪಾದ್ರಿ. 1878ರ ಕೊನೆಯಲ್ಲಿ ಅವರು ಮಂಗಳೂರಿಗೆ ಬಂದರು. ಹೋಮಿಯೋಪಥಿ ಬಲ್ಲ ಅವರು 1880ರಲ್ಲಿ ಕಂಕನಾಡಿಯ ಆಲದ ಮರದ ಕೆಳಗೆ ಬಡವರಿಗೆ ಮದ್ದು ಕೊಡಲು ತೊಡಗಿದರು. ಮುಂದೆ ಅದು ಬಡವರ ಔಷಧಾಲಯವಾಗಿ ಬೆಳೆದು, ಅಲ್ಲಿ ತಯಾರಾದ ಔಷಧಿಗಳು ಅಂಚೆಯ ಮೂಲಕ ಬೇರೆ ಬೇರೆ ಪ್ರಾಂತಗಳಿಗೆ ಹೋಗತೊಡಗಿದವು.

ಊರಿನಿಂದ ಹೊರದೂಡಲ್ಪಟ್ಟ ಕುಷ್ಠರೋಗ ಬಾಧಿತರಿಗೆ ಮದ್ದಿನ ಪೊಟ್ಟಣ ಕೊಟ್ಟು ಕಳುಹಿಸಿದರೆ ಸಾಲುವುದಿಲ್ಲ. ಅವರಿಗೆ ಮಲಗಲು ಜಾಗ, ಉಣ್ಣಲು ಅನ್ನ, ಹುಣ್ಣಿಗೆ ಕಟ್ಟು ಬೇಕು. ಇದಕ್ಕಾಗಿಯೇ 1890ರಲ್ಲಿ ಸಂತ ಜೋಸೆಫರ ಹೆಸರಿನ ಕುಷ್ಠರೋಗ ಆಶ್ರಯಧಾಮ ಆರಂಭವಾಯಿತು. ಹವಾಯಿ ದ್ವೀಪಸಮೂಹದ ಮೊಲೊಕಾಯ್‌ನಲ್ಲಿ ಕುಷ್ಠರೋಗಿಗಳ ಸೇವೆ ಮಾಡುತ್ತಲೇ ಅದೇ ರೋಗಕ್ಕೆ ತುತ್ತಾದ ಪಾದ್ರಿ ಡೇಮಿಯನ್ ತೀರಿಕೊಂಡು ಆಗ ಒಂದೇ ವರ್ಷವಾಗಿತ್ತು. ಆ ಸಾವಿನ ಸುದ್ದಿ ಲೋಕದ ಗಮನವನ್ನು ಈ ರೋಗದ ಕಡೆಗೆ ತಿರುಗಿಸಿದ್ದ ಕಾಲ ಅದು.

1902ರಲ್ಲಿ ಮಂಗಳೂರನ್ನು ಪ್ಲೇಗ್ ಕಾಡಿದಾಗಲೂ ಮುಲ್ಲರ್ ರೋಗಿಗಳಿಗಾಗಿ ಪ್ರತ್ಯೇಕ ಆಸ್ಪತ್ರೆ ತೆರೆದರು. 1907ರಲ್ಲಿ ಸರ್ಕಾರ ಅವರಿಗೆ ಕೈಸರ್‌-ಇ-ಹಿಂದ್ ಪದಕ ನೀಡಿತು. 1910ರ ನವೆಂಬರ್ 1ರಂದು ಅವರು ನಿಧನರಾದರು. ಆಲದ ಮರದಡಿಯ ಆ ಕೆಲಸ ಇಂದು ಆಸ್ಪತ್ರೆ, ವೈದ್ಯಕೀಯ ಕಾಲೇಜು, ಹೋಮಿಯೋಪಥಿ ಕಾಲೇಜುಗಳನ್ನು ಒಳಗೊಂಡ ಫಾದರ್ ಮುಲ್ಲರ್ ಸಂಸ್ಥೆಗಳಾಗಿ ಕರಾವಳಿಯ ಎಲ್ಲ ಮತಗಳ ಜನರಿಗೂ ಪರಿಚಿತವಾಗಿದೆ.

ರೋಗವನ್ನು ಗುಣಪಡಿಸಲು ಸಾಧ್ಯವಿಲ್ಲ ಎಂದು ತಿಳಿದಿದ್ದರೂ ಅಲ್ಲಿ ನಡೆದದ್ದು ಗಾಯ ತೊಳೆಯುವುದು, ಊಟ ಕೊಡುವುದು, ಹೆಸರು ಹಿಡಿದು ಕರೆಯುವುದು. ಔಷಧವಿಲ್ಲದ ಕಾಲದಲ್ಲಿ ಇದೇ ಔಷಧವಾಗಿತ್ತು. ಔಷಧ ಬಂದ ಮೇಲೂ ಇದರ ಅಗತ್ಯ ತಪ್ಪಿಲ್ಲ.

ಔಷಧ ಬಂದ ದಾರಿ

ಪಶ್ಚಿಮ ಘಟ್ಟದ ಕಾಡುಗಳಲ್ಲಿ ಬೆಳೆಯುವ ಗರುಡಫಲದ ಎಣ್ಣೆಯನ್ನೂ, ಅದರ ಜಾತಿಯದೇ ಆದ ಚಾಲ್‌ಮುಗ್ರ ಎಣ್ಣೆಯನ್ನೂ ಕುಷ್ಠಕ್ಕೆ ಬಳಸುವ ರೂಢಿ ಬಹಳ ಹಳೆಯದು. ಇದರಿಂದ ಕೆಲವರಿಗೆ ಉಪಶಮನ ಸಿಕ್ಕರೂ ಖಚಿತವಾದ ಗುಣ ಸಿಗುತ್ತಿರಲಿಲ್ಲ. 1940ರ ದಶಕದಲ್ಲಿ ಸಲ್ಫೋನ್ ಗುಂಪಿನ ಔಷಧಗಳು ಬಂದವು. ಡ್ಯಾಪ್ಸೋನ್ ಮಾತ್ರೆ ಲಕ್ಷಾಂತರ ಜನರನ್ನು ತಲುಪಿತು. ಆದರೆ ಅದನ್ನು ವರ್ಷಗಟ್ಟಲೆ, ಕೆಲವರು ಜೀವನವಿಡೀ ನುಂಗಬೇಕಿತ್ತು. ಕಾಲಕ್ರಮೇಣ ರೋಗಾಣು ಆ ಒಂದೇ ಮದ್ದಿಗೆ ಜಗ್ಗದಂತಾಯಿತು.

1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಹುಔಷಧ ಚಿಕಿತ್ಸೆಯನ್ನು ಶಿಫಾರಸು ಮಾಡಿತು. ರಿಫಾಂಪಿಸಿನ್, ಡ್ಯಾಪ್ಸೋನ್, ಕ್ಲೋಫಜಿಮಿನ್ ಎಂಬ ಮದ್ದುಗಳನ್ನು ಜೊತೆಯಾಗಿ ಕೊಡುವುದೇ ಇದರ ಗುಟ್ಟು. ಒಂದರಿಂದ ತಪ್ಪಿಸಿಕೊಂಡ ರೋಗಾಣು ಇನ್ನೊಂದರಿಂದ ಸಾಯುತ್ತದೆ. ಮಚ್ಚೆಗಳು ಐದು ಅಥವಾ ಅದಕ್ಕಿಂತ ಕಡಿಮೆ ಇದ್ದು ರೋಗಾಣುವಿನ ಪ್ರಮಾಣ ಅಲ್ಪವಾಗಿದ್ದರೆ 6 ತಿಂಗಳು, ಹೆಚ್ಚಿದ್ದರೆ 12 ತಿಂಗಳು ಚಿಕಿತ್ಸೆ. 1995ರಿಂದ ಈ ಔಷಧ ಜಗತ್ತಿನ ಎಲ್ಲ ರೋಗಿಗಳಿಗೂ ಉಚಿತ.

ಭಾರತದಲ್ಲಿ 1955ರಲ್ಲಿ ರಾಷ್ಟ್ರೀಯ ಕುಷ್ಠರೋಗ ನಿಯಂತ್ರಣ ಕಾರ್ಯಕ್ರಮ ಆರಂಭವಾಗಿ, 1983ರಲ್ಲಿ ನಿರ್ಮೂಲನಾ ಕಾರ್ಯಕ್ರಮವಾಯಿತು. 2005ರ ಡಿಸೆಂಬರ್‌ನಲ್ಲಿ ದೇಶದ ಮಟ್ಟದಲ್ಲಿ 10,000 ಜನರಿಗೆ ಒಬ್ಬರಿಗಿಂತ ಕಡಿಮೆ ರೋಗಿಗಳು ಎಂಬ ಗುರಿಯನ್ನು ದೇಶ ಮುಟ್ಟಿತು. ಇದನ್ನೇ ‘ನಿರ್ಮೂಲನೆ’ ಎಂದು ಕರೆದದ್ದರಿಂದ ರೋಗವೇ ಇಲ್ಲವಾಯಿತು ಎಂಬ ಭಾವನೆ ಹರಡಿತು. ವಾಸ್ತವದಲ್ಲಿ ಜಗತ್ತಿನಲ್ಲಿ ಪ್ರತಿವರ್ಷ ಪತ್ತೆಯಾಗುವ ಹೊಸ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಭಾರತದವರೇ. ನಂತರದ ಸ್ಥಾನಗಳಲ್ಲಿ ಬ್ರೆಜಿಲ್ ಮತ್ತು ಇಂಡೋನೇಷ್ಯಾ ಇವೆ. ಬಡತನ, ಕಿಕ್ಕಿರಿದ ಮನೆಗಳು, ಪೌಷ್ಟಿಕ ಆಹಾರದ ಕೊರತೆ ಇರುವಲ್ಲಿ ರೋಗ ಉಳಿದುಕೊಂಡಿದೆ. ಅಭಿವೃದ್ಧಿಶೀಲ ದೇಶಗಳ ರೋಗ ಎಂದು ಇದನ್ನು ಕರೆಯುವುದು ಈ ಅರ್ಥದಲ್ಲಿ. ಯಾವುದೇ ಜಾತಿ ಮತದವರಿಗೂ, ಸ್ಥಿತಿವಂತರಿಗೂ ಇದು ಬರಬಹುದು.

ಬೆರಳು ತಾನಾಗಿ ಉದುರುವುದಿಲ್ಲ

ಕುಷ್ಠ ಬಂದರೆ ಕೈಕಾಲಿನ ಬೆರಳುಗಳು ಉದುರಿಹೋಗುತ್ತವೆ ಎಂಬ ನಂಬಿಕೆ ಜನರಲ್ಲಿದೆ. ಅದು ನಿಜವಲ್ಲ. ರೋಗಾಣು ನರವನ್ನು ಕೆಡಿಸಿದಾಗ ಕೈಗೆ, ಪಾದಕ್ಕೆ ನೋವಿನ ಅರಿವು ಇಲ್ಲವಾಗುತ್ತದೆ. ನೋವೇ ಗೊತ್ತಾಗದ ಕೈ ಒಲೆಯ ಮೇಲಿನ ಕಾವಲಿಯನ್ನು ಹಾಗೆಯೇ ಹಿಡಿಯುತ್ತದೆ, ಬಚ್ಚಲಿನ ಹಂಡೆಯ ಕುದಿನೀರಿಗೆ ಇಳಿಯುತ್ತದೆ. ಪಾದಕ್ಕೆ ಹೊಕ್ಕ ಮುಳ್ಳು ವಾರವಾದರೂ ಅಲ್ಲೇ ಇರುತ್ತದೆ. ರಾತ್ರಿ ಇಲಿ ಕಚ್ಚಿದರೂ ಎಚ್ಚರವಾಗುವುದಿಲ್ಲ. ಗಾಯ ಹುಣ್ಣಾಗಿ, ಹುಣ್ಣು ಮೂಳೆಗಿಳಿದು, ಬೆರಳು ಸ್ವಲ್ಪ ಸ್ವಲ್ಪವಾಗಿ ಸವೆಯುತ್ತದೆ.

ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ 1940ರ ದಶಕದ ಕೊನೆಯಲ್ಲಿ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಈ ಸಂಗತಿಯನ್ನು ಎತ್ತಿ ತೋರಿಸಿದರು. ಮಡಚಿಹೋದ ಬೆರಳುಗಳ ಸ್ನಾಯುರಜ್ಜುಗಳನ್ನು ಬೇರೆಡೆಯಿಂದ ತಂದು ಜೋಡಿಸಿ ಕೈಯನ್ನು ಮತ್ತೆ ಕೆಲಸಕ್ಕೆ ಬರುವಂತೆ ಮಾಡುವ ಶಸ್ತ್ರಚಿಕಿತ್ಸೆ ಅಲ್ಲಿ ಬೆಳೆಯಿತು. ಇಂತಹ ಪುನರ್‌ರಚನಾ ಶಸ್ತ್ರಚಿಕಿತ್ಸೆ ಈಗ ಸರ್ಕಾರದ ಕಾರ್ಯಕ್ರಮದಡಿ ಉಚಿತವಾಗಿ ದೊರೆಯುತ್ತದೆ. ಶಸ್ತ್ರಚಿಕಿತ್ಸೆಗೆ ಒಳಗಾದವರಿಗೆ ನೆರವಿನ ಹಣವೂ ಉಂಟು.

ಅದಕ್ಕಿಂತ ಸರಳವಾದದ್ದು ದಿನನಿತ್ಯದ ಆರೈಕೆ. ಸ್ಪರ್ಶವಿಲ್ಲದ ಪಾದವನ್ನು ಪ್ರತಿದಿನ ತಣ್ಣೀರಿನಲ್ಲಿ ಇಪ್ಪತ್ತು ನಿಮಿಷ ನೆನೆಸಿ, ಒರಟು ಚರ್ಮವನ್ನು ಮೆಲ್ಲಗೆ ಉಜ್ಜಿ, ಒದ್ದೆಯಿರುವಾಗಲೇ ಎಣ್ಣೆ ಹಚ್ಚಬೇಕು. ಸಂಜೆ ಮನೆಯವರೊಬ್ಬರು ಅಂಗಾಲನ್ನು ನೋಡಿ ಗಾಯ, ಕೆಂಪು, ಬಿಸಿ ಇವೆಯೇ ಎಂದು ಪರೀಕ್ಷಿಸಬೇಕು. ಮಾಮೂಲಿ ಹವಾಯಿ ಚಪ್ಪಲಿ ಇವರಿಗೆ ಹೊಂದುವುದಿಲ್ಲ. ಸ್ಪರ್ಶವಿಲ್ಲದ ಕಾಲಿನಿಂದ ಅದು ಕಳಚಿ ಬಿದ್ದರೂ ತಿಳಿಯುವುದಿಲ್ಲ, ಬೆರಳ ಸಂದಿನ ಪಟ್ಟಿ ಗಾಯ ಮಾಡುತ್ತದೆ. ಮೃದುವಾದ ಎಂಸಿಆರ್ ರಬ್ಬರಿನ ಅಟ್ಟೆ, ಗಟ್ಟಿಯಾದ ಹೊರತಳ ಹಾಗೂ ಹಿಮ್ಮಡಿ ಪಟ್ಟಿ ಇರುವ ಪಾದರಕ್ಷೆಯನ್ನು ಆರೋಗ್ಯ ಇಲಾಖೆ ಉಚಿತವಾಗಿ ಕೊಡುತ್ತದೆ.

ಮೂವರ ಕಥೆ

ಜೈನ ಕಥಾಪರಂಪರೆಯಲ್ಲಿ ಕುಷ್ಠರೋಗವು ಪದೇ ಪದೇ ಬರುತ್ತದೆ. ಅವುಗಳಲ್ಲಿ ಮೂರು ಪ್ರಸಂಗಗಳು ಶ್ರಾವಕರಿಗೆ ಚಿರಪರಿಚಿತ.

ಮೊದಲನೆಯದು ಉದ್ದಾಯನ ಮಹಾರಾಜನದು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ನಿರ್ವಿಚಿಕಿತ್ಸಾ ಅಂಗಕ್ಕೆ ಹೆಸರಿಸಿರುವ ಉದಾಹರಣೆ ಇವನೇ. ಅವನ ಗುಣವನ್ನು ಪರೀಕ್ಷಿಸಲು ದೇವನೊಬ್ಬ ಕುಷ್ಠದಿಂದ ಕೊಳೆತ ಶರೀರದ ಮುನಿಯ ವೇಷದಲ್ಲಿ ಬಂದು ಆಹಾರ ಸ್ವೀಕರಿಸಿ, ಅಲ್ಲಿಯೇ ವಾಂತಿ ಮಾಡಿಕೊಂಡನು. ದುರ್ಗಂಧ ತಾಳಲಾರದೆ ಪರಿವಾರದವರು ಓಡಿಹೋದರು. ರಾಜನೂ ರಾಣಿ ಪ್ರಭಾವತಿಯೂ ಅಲ್ಲಿಯೇ ನಿಂತು, ತಾವು ಕೊಟ್ಟ ಆಹಾರವೇ ಹಿತವಾಗಲಿಲ್ಲವೇನೋ ಎಂದು ತಮ್ಮನ್ನೇ ಹಳಿದುಕೊಳ್ಳುತ್ತ ಮುನಿಯ ಮೈ ತೊಳೆದರು. ಕನ್ನಡದಲ್ಲಿ ನಯಸೇನನು ಮುಳುಗುಂದದಲ್ಲಿ 1112ರಲ್ಲಿ ರಚಿಸಿದ ‘ಧರ್ಮಾಮೃತ’ವು ಸಮ್ಯಕ್ತ್ವದ ಅಂಗಗಳನ್ನು ಹೀಗೆ ಕಥೆಗಳ ಮೂಲಕವೇ ಜನರಿಗೆ ತಿಳಿಸಿತು.

ಎರಡನೆಯದು ಶ್ರೀಪಾಲ ಮತ್ತು ಮೈನಾಸುಂದರಿಯರದು. ಅಷ್ಟಾಹ್ನಿಕ ಪರ್ವದಲ್ಲಿ ಸಿದ್ಧಚಕ್ರ ಆರಾಧನೆ ನಡೆಯುವಲ್ಲೆಲ್ಲ ಈ ಕಥೆ ಕೇಳಿಬರುತ್ತದೆ. ಮೂರನೆಯ ಮಂಗರಸನು ಇದನ್ನು ಕನ್ನಡದಲ್ಲಿ ‘ಶ್ರೀಪಾಲ ಚರಿತೆ’ಯಾಗಿ ಬರೆದಿದ್ದಾನೆ. ಕುಷ್ಠ ಬಂದ ಕಾರಣ ರಾಜ್ಯ ಬಿಟ್ಟು, ಅದೇ ರೋಗದ ಏಳುನೂರು ಸಂಗಡಿಗರೊಂದಿಗೆ ಅಲೆಯುವ ರಾಜ ಶ್ರೀಪಾಲ. ಕರ್ಮವೇ ಪ್ರಧಾನ ಎಂದ ಮಗಳ ಮೇಲೆ ಸಿಟ್ಟಾಗಿ ತಂದೆ ಅವಳನ್ನು ಅವನಿಗೆ ಧಾರೆ ಎರೆದುಕೊಡುತ್ತಾನೆ. ಮೈನಾಸುಂದರಿ ಅವನನ್ನು ಬಿಡಲಿಲ್ಲ. ಅವಳ ಆರಾಧನೆಯ ಗಂಧೋದಕದಿಂದ ಗಂಡನ ಜೊತೆಗೆ ಆ ಏಳುನೂರು ಮಂದಿಯೂ ಗುಣಮುಖರಾದರು ಎಂಬುದು ಕಥೆಯ ಸಾರ. ತನ್ನವನೊಬ್ಬನಿಗೆ ಗುಣವಾದರೆ ಸಾಕು ಎಂದು ಅವಳು ನಿಲ್ಲಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು.

ಮೂರನೆಯದು ಕರ್ನಾಟಕದ್ದೇ. ಕಲ್ಯಾಣ ಚಾಲುಕ್ಯ ಜಯಸಿಂಹನ ಕಾಲದಲ್ಲಿದ್ದು 1025ರಲ್ಲಿ ‘ಪಾರ್ಶ್ವನಾಥ ಚರಿತ’ವನ್ನು ಪೂರ್ಣಗೊಳಿಸಿದ ವಾದಿರಾಜ ಮುನಿಗಳ ಬಗ್ಗೆ ಒಂದು ಐತಿಹ್ಯವಿದೆ. ಅವರಿಗೆ ಕುಷ್ಠವಿತ್ತು. ರಾಜಸಭೆಯಲ್ಲಿ ಯಾರೋ ಅದನ್ನು ಹಂಗಿಸಿದಾಗ ಭಕ್ತನೊಬ್ಬ ಅಭಿಮಾನದಿಂದ, ತಮ್ಮ ಗುರುಗಳಿಗೆ ರೋಗವೇ ಇಲ್ಲ ಎಂದುಬಿಟ್ಟ. ಮುನಿಗಳು ಏಕೀಭಾವ ಸ್ತೋತ್ರವನ್ನು ರಚಿಸಿ ಸ್ತುತಿಸಿದಾಗ ಶರೀರ ಕಾಂತಿಯುಕ್ತವಾಯಿತು. ಹಂಗಿಸಿದವನೂ ಸುಳ್ಳುಗಾರನಾಗಬಾರದೆಂದು ಕಿರುಬೆರಳಲ್ಲಿ ರೋಗದ ಗುರುತು ಮಾತ್ರ ಉಳಿಯಿತು. ರೋಗವನ್ನು ಮರೆಮಾಡಬೇಕೆಂಬ ಸಂಕಟ ಸಾವಿರ ವರ್ಷಗಳ ಹಿಂದೆಯೂ ಇತ್ತು ಎಂಬುದು ಈ ಐತಿಹ್ಯದಿಂದ ತಿಳಿಯುತ್ತದೆ. ರೋಗವಿದ್ದ ಮುನಿಗಳನ್ನು ಸಂಘ ಕೈಬಿಟ್ಟಿರಲಿಲ್ಲ ಎಂಬುದೂ ತಿಳಿಯುತ್ತದೆ.

ಕರ್ಮಸಿದ್ಧಾಂತ ಮತ್ತು ಸೇವೆ

ರೋಗವು ಅಸಾತಾ ವೇದನೀಯ ಕರ್ಮದ ಉದಯದಿಂದ ಬರುತ್ತದೆ ಎಂದು ಶಾಸ್ತ್ರ ಹೇಳುತ್ತದೆ. ಇದನ್ನೇ ಹಿಡಿದು ‘ಅವರ ಪಾಪ, ಅವರು ಅನುಭವಿಸಲಿ’ ಎನ್ನುವುದು ಸಿದ್ಧಾಂತವನ್ನು ಅರ್ಧ ಮಾತ್ರ ಓದಿದಂತೆ. ಕರ್ಮದ ಉದಯಕ್ಕೂ ಶಮನಕ್ಕೂ ನಿಮಿತ್ತಗಳಿವೆ. ಔಷಧ ಮತ್ತು ಸೇವೆ ಅಂತಹ ನಿಮಿತ್ತಗಳು. ಆ ಕಾರಣಕ್ಕೇ ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಔಷಧಕ್ಕೆ ಸ್ಥಾನ ಸಿಕ್ಕಿದೆ. ಆರು ಅಭ್ಯಂತರ ತಪಸ್ಸುಗಳಲ್ಲಿ ವೈಯಾವೃತ್ಯವೂ ಒಂದು. ತತ್ತ್ವಾರ್ಥಸೂತ್ರವು ವೈಯಾವೃತ್ಯಕ್ಕೆ ಅರ್ಹರಾದ ಹತ್ತು ಬಗೆಯವರನ್ನು ಹೇಳುವಾಗ ‘ಗ್ಲಾನ’ರನ್ನು, ಅಂದರೆ ರೋಗದಿಂದ ಬಳಲಿದ ಸಾಧುಗಳನ್ನು, ಬೇರೆಯಾಗಿಯೇ ಎಣಿಸಿದೆ. ಸಾಧುಗಳಲ್ಲದ ದೀನರಿಗೆ, ಯಾವ ಮತದವರೇ ಆಗಲಿ, ಕರುಣೆಯಿಂದ ಮಾಡುವ ನೆರವಿಗೆ ದಯಾದತ್ತಿ ಎಂದು ಹೆಸರು.

ದಕ್ಷಿಣ ಕನ್ನಡದಲ್ಲಿ ಈ ಪರಂಪರೆಯ ದೊಡ್ಡ ನಿದರ್ಶನ ಧರ್ಮಸ್ಥಳ. ಜೈನ ಹೆಗ್ಗಡೆ ಮನೆತನದ ಆಡಳಿತದಲ್ಲಿರುವ ಈ ಕ್ಷೇತ್ರವು ಅನ್ನ, ಔಷಧ, ವಿದ್ಯೆ, ಅಭಯ ಎಂಬ ಚತುರ್ವಿಧ ದಾನಕ್ಕೆ ಹೆಸರಾದದ್ದು. 1982ರಲ್ಲಿ ಆರಂಭವಾದ ಗ್ರಾಮಾಭಿವೃದ್ಧಿ ಯೋಜನೆಯ ಮೂಲಕ ನಿರ್ಗತಿಕರಿಗೆ ಮಾಸಾಶನ, ನಡೆಯಲಾರದವರಿಗೆ ಗಾಲಿಕುರ್ಚಿ ಮೊದಲಾದ ಸಲಕರಣೆಗಳು ತಲುಪುತ್ತಿವೆ.

ಜೈಪುರ ಪಾದ

ಕುಷ್ಠದಿಂದಾಗಲಿ, ಮಧುಮೇಹದಿಂದಾಗಲಿ, ಅಪಘಾತದಿಂದಾಗಲಿ ಕಾಲು ಕಳೆದುಕೊಂಡವರಿಗೆ ಜೈನ ಸಮಾಜದ ಮೂಲಕ ಲೋಕಕ್ಕೆ ತಲುಪಿದ ಕೊಡುಗೆ ಜೈಪುರ ಪಾದ. 1960ರ ದಶಕದ ಕೊನೆಯಲ್ಲಿ ಜೈಪುರದ ಸವಾಯಿ ಮಾನಸಿಂಗ್ ಆಸ್ಪತ್ರೆಯಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮ ಮತ್ತು ಮೂಳೆತಜ್ಞ ಡಾ. ಪ್ರಮೋದ್ ಕರಣ್ ಸೇಠಿ ಇದನ್ನು ರೂಪಿಸಿದರು. ವಿದೇಶೀ ಮಾದರಿಯ ಕೃತಕ ಪಾದಕ್ಕೆ ಮೇಲೊಂದು ಬೂಟು ಬೇಕೇ ಬೇಕು. ಭಾರತೀಯರು ಬರಿಗಾಲಲ್ಲಿ ನಡೆಯುತ್ತಾರೆ, ಕುಕ್ಕರಗಾಲಲ್ಲಿ ಕೂರುತ್ತಾರೆ, ಚಕ್ಕಳಮಕ್ಕಳ ಹಾಕಿ ಉಣ್ಣುತ್ತಾರೆ, ಕೆಸರುಗದ್ದೆಗೆ ಇಳಿಯುತ್ತಾರೆ. ರಬ್ಬರು ಮತ್ತು ಮರದಿಂದ ಮಾಡಿದ, ಎಲ್ಲ ಕಡೆಗೂ ಬಾಗುವ ಈ ಪಾದ ಅದಕ್ಕೆಲ್ಲ ಒದಗಿತು. ಇದನ್ನು ಧರಿಸಿದವರು ಬೂಟಿಲ್ಲದೆ ಬಸದಿಯ ಒಳಗೂ ಹೋಗಬಹುದು. ಡಾ. ಸೇಠಿಯವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಪಾದ ಸಿದ್ಧವಾದರೂ ಆರಂಭದ ವರ್ಷಗಳಲ್ಲಿ ಅದು ಬೆರಳೆಣಿಕೆಯ ಜನರನ್ನಷ್ಟೇ ಮುಟ್ಟಿತ್ತು. ಭಗವಾನ್ ಮಹಾವೀರರ 2500ನೇ ನಿರ್ವಾಣ ಮಹೋತ್ಸವದ ಸಂದರ್ಭದಲ್ಲಿ, 1975ರಲ್ಲಿ, ದೇವೇಂದ್ರ ರಾಜ್ ಮೆಹ್ತಾ ಅವರು ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿಯನ್ನು ಸ್ಥಾಪಿಸಿದರು. ಅಂದಿನಿಂದ ಕೃತಕ ಕಾಲು, ಕ್ಯಾಲಿಪರ್, ಊರುಗೋಲು, ತ್ರಿಚಕ್ರ ಸೈಕಲ್‌ಗಳನ್ನು ಉಚಿತವಾಗಿ ಕೊಡುವ ಕೆಲಸ ನಡೆದುಬಂದಿದೆ. ಹೆಚ್ಚಿನವರಿಗೆ ಒಂದೇ ಭೇಟಿಯಲ್ಲಿ ಅಳತೆ ತೆಗೆದು ಕಾಲು ಜೋಡಿಸಿ ಕಳುಹಿಸುವುದು ಇದರ ಕ್ರಮ. ದಿನಗೂಲಿಯವರು ಮತ್ತೆ ಮತ್ತೆ ಬರಲಾರರು ಎಂಬ ಅರಿವೇ ಇದಕ್ಕೆ ಕಾರಣ. ಆಫ್ಘಾನಿಸ್ತಾನವೂ ಸೇರಿದಂತೆ ಏಷ್ಯಾ ಆಫ್ರಿಕಾಗಳ ಅನೇಕ ದೇಶಗಳಲ್ಲಿ ಶಿಬಿರಗಳು ನಡೆದಿವೆ. 2018ರಲ್ಲಿ ಗಾಂಧೀಜಿಯವರ 150ನೇ ಜಯಂತಿಯ ಅಂಗವಾಗಿ ಭಾರತ ಸರ್ಕಾರದ ವಿದೇಶಾಂಗ ಸಚಿವಾಲಯ ಹೊರದೇಶಗಳಲ್ಲಿ ಕೃತಕ ಕಾಲು ಜೋಡಣಾ ಶಿಬಿರಗಳಿಗಾಗಿ ಇದೇ ಸಮಿತಿಯ ಕೈಜೋಡಿಸಿತು.

ಕರ್ನಾಟಕದಲ್ಲಿ ಹುಬ್ಬಳ್ಳಿಯ ಕಿಮ್ಸ್ ಆವರಣದಲ್ಲಿರುವ ಮಹಾವೀರ ಲಿಂಬ್ ಸೆಂಟರ್ ಜೈನ ಯುವಕರ ಸಂಘಟನೆಯಿಂದ ನಡೆಯುವ ಇಂತಹದೇ ಕೇಂದ್ರ.

ಕಾನೂನು ಏನು ಹೇಳುತ್ತದೆ?

1898ರ ಲೆಪರ್ಸ್ ಕಾಯ್ದೆಯ ಪ್ರಕಾರ ನಿರ್ಗತಿಕ ಕುಷ್ಠರೋಗಿಗಳನ್ನು ಹಿಡಿದು ಪ್ರತ್ಯೇಕವಾಗಿಡಬಹುದಿತ್ತು. ಔಷಧ ಬಂದು ದಶಕಗಳಾದ ಮೇಲೆ, 2016ರಲ್ಲಿ ಅದು ರದ್ದಾಯಿತು.

ವಿವಾಹದ ವಿಷಯ ಜೈನ ಕುಟುಂಬಗಳಿಗೆ ನೇರವಾಗಿ ಸಂಬಂಧಿಸಿದ್ದು. 1955ರ ಹಿಂದೂ ವಿವಾಹ ಕಾಯ್ದೆ ಜೈನರಿಗೂ ಅನ್ವಯಿಸುತ್ತದೆ. ಅದರಲ್ಲಿ ಕುಷ್ಠರೋಗವು ವಿಚ್ಛೇದನಕ್ಕೆ ಒಂದು ಕಾರಣವಾಗಿತ್ತು. 2019ರಲ್ಲಿ ಸಂಸತ್ತು ವೈಯಕ್ತಿಕ ಕಾನೂನುಗಳ ತಿದ್ದುಪಡಿ ಕಾಯ್ದೆಯ ಮೂಲಕ ಇದನ್ನು ತೆಗೆದುಹಾಕಿತು. ಇಂದು ಕುಷ್ಠರೋಗದ ಕಾರಣ ನೀಡಿ ಗಂಡನಾಗಲಿ ಹೆಂಡತಿಯಾಗಲಿ ವಿಚ್ಛೇದನ ಕೇಳಲಾಗದು. ಮೈನಾಸುಂದರಿಯ ಕಥೆ ಕೇಳುತ್ತಾ ಬಂದ ಸಮಾಜಕ್ಕೆ ಈ ತಿದ್ದುಪಡಿ ಹೊಸದೆನಿಸಬಾರದು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಕುಷ್ಠರೋಗದಿಂದ ಗುಣಮುಖರಾಗಿ ಸ್ಪರ್ಶನಷ್ಟ ಅಥವಾ ಅಂಗವಿಕಾರ ಉಳಿದವರೂ ಇದರಲ್ಲಿ ಸೇರಿದ್ದಾರೆ. ಶೇ. 40 ಅಥವಾ ಹೆಚ್ಚಿನ ವೈಕಲ್ಯವಿದ್ದರೆ ಸರ್ಕಾರಿ ಉದ್ಯೋಗದಲ್ಲಿ ಶೇ. 4, ಉನ್ನತ ಶಿಕ್ಷಣದಲ್ಲಿ ಶೇ. 5 ಮೀಸಲಾತಿಗೆ ಅರ್ಹತೆ ಇರುತ್ತದೆ. ಇದಕ್ಕೆ ಯುಡಿಐಡಿ ಗುರುತಿನ ಚೀಟಿ ಅಗತ್ಯ. ಮಾಸಾಶನ, ರಿಯಾಯಿತಿ ಬಸ್ ಪಾಸ್, ಸಲಕರಣೆಗಳಿಗಾಗಿ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯನ್ನು ಸಂಪರ್ಕಿಸಬೇಕು. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ನಗರಗಳಲ್ಲಿ ನಗರ ಪುನರ್ವಸತಿ ಕಾರ್ಯಕರ್ತರು ಅರ್ಜಿಗೆ ನೆರವಾಗುತ್ತಾರೆ.

ಯಾವಾಗ ಪರೀಕ್ಷೆ ಮಾಡಿಸಬೇಕು?

ಕೆಳಗಿನ ಯಾವುದೇ ಲಕ್ಷಣ ಕಂಡರೂ ತಡ ಮಾಡದೆ ತೋರಿಸಬೇಕು:

• ಸ್ಪರ್ಶವಿಲ್ಲದ, ತುರಿಕೆಯಿಲ್ಲದ ತಿಳಿ ಅಥವಾ ಕೆಂಪು ಮಚ್ಚೆ.
• ಕೈ ಅಥವಾ ಪಾದದಲ್ಲಿ ಜೋಮು. ಚಪ್ಪಲಿ ಕಳಚಿದ್ದು ತಿಳಿಯದಿರುವುದು.
• ಬೆರಳುಗಳ ಹಿಡಿತ ಸಡಿಲವಾಗುವುದು. ಬೀಡಿ ಕಟ್ಟುವವರು, ಹೂ ಕಟ್ಟುವವರು, ಹೊಲಿಗೆಯವರಿಗೆ ಇದು ಬೇಗ ಗಮನಕ್ಕೆ ಬರುತ್ತದೆ.
• ಕಿವಿಯ ಹಾಲೆ ಅಥವಾ ಮುಖದ ಮೇಲೆ ಗಂಟು, ದಪ್ಪಗಾದ ಹೊಳೆಯುವ ಚರ್ಮ, ಹುಬ್ಬಿನ ಕೂದಲು ಉದುರುವುದು.
• ಕಣ್ಣಿನ ರೆಪ್ಪೆ ಪೂರ್ಣ ಮುಚ್ಚದಿರುವುದು.

ಮಂಗಳೂರಿನಲ್ಲಿ ಹತ್ತಿರದ ನಗರ ಪ್ರಾಥಮಿಕ ಆರೋಗ್ಯ ಕೇಂದ್ರ, ವೆನ್ಲಾಕ್ ಜಿಲ್ಲಾ ಆಸ್ಪತ್ರೆ ಅಥವಾ ವೈದ್ಯಕೀಯ ಕಾಲೇಜುಗಳ ಚರ್ಮರೋಗ ವಿಭಾಗದಲ್ಲಿ ತೋರಿಸಬಹುದು. ಉಳಿದ ಜಿಲ್ಲೆಗಳಲ್ಲಿಯೂ ಪ್ರಾಥಮಿಕ ಆರೋಗ್ಯ ಕೇಂದ್ರವೇ ಮೊದಲ ಮೆಟ್ಟಿಲು. ಒಬ್ಬರಲ್ಲಿ ರೋಗ ದೃಢಪಟ್ಟರೆ ಮನೆಯ ಎಲ್ಲರೂ ಪರೀಕ್ಷಿಸಿಕೊಳ್ಳಬೇಕು. ಸಂಪರ್ಕದಲ್ಲಿರುವವರಿಗೆ ಮುನ್ನೆಚ್ಚರಿಕೆಯಾಗಿ ಒಂದು ಬಾರಿ ರಿಫಾಂಪಿಸಿನ್ ನೀಡುವ ವ್ಯವಸ್ಥೆ ಇದೆ.

ಚಿಕಿತ್ಸೆಯ ಕಾಲದಲ್ಲಿ ವ್ರತ, ಉಪವಾಸ

ದಿನದ ಮಾತ್ರೆಯನ್ನು ಸೂರ್ಯಾಸ್ತಕ್ಕೆ ಮುಂಚಿನ ಊಟದ ಜೊತೆಗೆ ತೆಗೆದುಕೊಳ್ಳಬಹುದು; ಆದ್ದರಿಂದ ರಾತ್ರಿಭೋಜನ ತ್ಯಾಗಕ್ಕೆ ಇದು ಅಡ್ಡಿಯಲ್ಲ. ದಶಲಕ್ಷಣ ಪರ್ವದಂತಹ ದಿನಗಳಲ್ಲಿ ದೀರ್ಘ ಉಪವಾಸ ಕೈಗೊಳ್ಳುವ ಮೊದಲು ವೈದ್ಯರನ್ನು ಕೇಳಬೇಕು. ಕ್ಯಾಪ್ಸೂಲಿನ ಕವಚದ ಬಗ್ಗೆ ಸಂಕೋಚವಿದ್ದರೆ ಅದನ್ನೂ ವೈದ್ಯರಲ್ಲಿಯೇ ಹೇಳಿಕೊಳ್ಳಬೇಕು. ತಾವಾಗಿಯೇ ಮದ್ದು ನಿಲ್ಲಿಸಬಾರದು. ರಿಫಾಂಪಿಸಿನ್ ತೆಗೆದುಕೊಂಡಾಗ ಮೂತ್ರ ಕೆಂಪಾಗುವುದು, ಕ್ಲೋಫಜಿಮಿನ್‌ನಿಂದ ಚರ್ಮ ಕಪ್ಪಾಗುವುದು ಸಹಜ. ಔಷಧ ಮುಗಿದ ಮೇಲೆ ಬಣ್ಣ ತಿಳಿಯಾಗುತ್ತದೆ. ಆದರೆ ಚಿಕಿತ್ಸೆಯ ಮಧ್ಯೆ ಅಥವಾ ನಂತರ ಮಚ್ಚೆ ಊದಿಕೊಂಡು ಕೆಂಪಾದರೆ, ನರದಲ್ಲಿ ನೋವು ಬಂದರೆ, ಕೈಕಾಲು ಇದ್ದಕ್ಕಿದ್ದಂತೆ ಬಲಹೀನವಾದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಸಕಾಲದಲ್ಲಿ ಮದ್ದು ಸಿಕ್ಕರೆ ನರ ಉಳಿಯುತ್ತದೆ.

ಬಸದಿ ಮತ್ತು ಸಮಾಜ ಮಾಡಬಹುದಾದದ್ದು

ಕಾರ್ಕಳದ ಬಾಹುಬಲಿ ಬೆಟ್ಟ, ಮೂಡುಬಿದಿರೆಯ ಬಸದಿಗಳ ಅಂಗಳ, ಶ್ರವಣಬೆಳಗೊಳದ ವಿಂಧ್ಯಗಿರಿ ಎಲ್ಲವೂ ಕಲ್ಲಿನವು. ಮಧ್ಯಾಹ್ನದ ಬಿಸಿಲಿಗೆ ಕಾದ ಕಲ್ಲಿನ ಮೇಲೆ ಎಲ್ಲರೂ ಬಿರುಸಾಗಿ ಹೆಜ್ಜೆ ಹಾಕುತ್ತಾರೆ. ಸ್ಪರ್ಶಜ್ಞಾನವಿಲ್ಲದ ಪಾದದವರು, ಇವರಲ್ಲಿ ಮಧುಮೇಹಿಗಳೂ ಸೇರಿದ್ದಾರೆ, ನಿಧಾನವಾಗಿಯೇ ನಡೆದು ಮನೆಗೆ ಹೋದ ಮೇಲೆ ಬೊಬ್ಬೆ ಎದ್ದದ್ದನ್ನು ನೋಡುತ್ತಾರೆ. ಇಂತಹವರು ಬೆಳಗಿನ ತಂಪಿನಲ್ಲಿ ದರ್ಶನ ಮಾಡುವುದು ಒಳ್ಳೆಯದು. ಬಸದಿಯ ಆಡಳಿತದವರು ಪ್ರದಕ್ಷಿಣ ಪಥಕ್ಕೆ ತೆಂಗಿನ ನಾರಿನ ಹಾಸು ಹಾಕುವುದು, ಕೈಹಿಡಿ ಕಂಬಿ, ಇಳಿಜಾರು ದಾರಿ, ಕೂರಲು ಪೀಠ ಒದಗಿಸುವುದು ಹೆಚ್ಚಿನ ಖರ್ಚಿನ ಕೆಲಸವಲ್ಲ.

ಜನವರಿ 30, ಗಾಂಧೀಜಿಯವರ ಪುಣ್ಯತಿಥಿ, ಭಾರತದಲ್ಲಿ ಕುಷ್ಠರೋಗ ವಿರೋಧಿ ದಿನ. ಸೇವಾಗ್ರಾಮದಲ್ಲಿ ಕುಷ್ಠಪೀಡಿತ ಸಂಸ್ಕೃತ ವಿದ್ವಾಂಸ ಪರಚುರೆ ಶಾಸ್ತ್ರಿಗಳಿಗೆ ಗಾಂಧೀಜಿ ಸ್ವತಃ ಉಪಚಾರ ಮಾಡಿದ್ದರು. ಆ ದಿನ ಬಸದಿಯ ಸಭಾಭವನದಲ್ಲಿ ಆರೋಗ್ಯ ಕಾರ್ಯಕರ್ತರನ್ನು ಕರೆಸಿ ಚರ್ಮ ತಪಾಸಣೆ ಏರ್ಪಡಿಸಬಹುದು. ಮಹಿಳಾ ಸಮಾಜ, ಯುವಜನ ಸಂಘಗಳು ಒಂದು ಶಿಬಿರಕ್ಕೆ ಬೇಕಾದ ಕೃತಕ ಕಾಲುಗಳ ಅಥವಾ ಪಾದರಕ್ಷೆಗಳ ವೆಚ್ಚ ವಹಿಸಿಕೊಳ್ಳಬಹುದು. ಗುಣಮುಖರಾದವರಿಗೆ ಹಣಕ್ಕಿಂತ ಹೆಚ್ಚಾಗಿ ಬೇಕಾದದ್ದು ಕೆಲಸ. ಅಂಗಡಿ, ಗೋದಾಮು, ಕಚೇರಿಗಳನ್ನು ನಡೆಸುವವರು ಅವರಿಗೆ ಉದ್ಯೋಗ ಕೊಟ್ಟರೆ ಅದು ದೊಡ್ಡ ಅಭಯದಾನ. ಮಾತಿನಲ್ಲಿ ‘ಕುಷ್ಠರೋಗಿ’ ಎಂದು ಕರೆಯುವುದನ್ನು, ಬೈಗುಳವಾಗಿ ಆ ಪದ ಬಳಸುವುದನ್ನು ಬಿಡುವುದಕ್ಕಂತೂ ಖರ್ಚೇ ಇಲ್ಲ.

ಕಂಕನಾಡಿಯಲ್ಲಿ 1890ರಲ್ಲಿ ಮದ್ದಿಲ್ಲದೆಯೂ ಬಾಗಿಲು ತೆರೆದಿತ್ತು. ಇಂದು ಮದ್ದು ಊರೂರಿನ ಆರೋಗ್ಯ ಕೇಂದ್ರದಲ್ಲಿದೆ. ಮಚ್ಚೆಯೊಂದನ್ನು ಕಂಡ ಮನೆಯವರು ಅದನ್ನು ಮರೆಮಾಡದೆ ಅದೇ ವಾರ ವೈದ್ಯರಿಗೆ ತೋರಿಸಿದರೆ ಒಂದು ಕೈ, ಒಂದು ಕಾಲು, ಒಂದು ಸಂಸಾರ ಉಳಿಯುತ್ತದೆ. ಉದ್ದಾಯನ ಮಹಾರಾಜನ ಅರಮನೆಯಲ್ಲಿ ಎಲ್ಲರೂ ಓಡಿದಾಗ ಇಬ್ಬರು ನಿಂತರು. ನಿರ್ವಿಚಿಕಿತ್ಸೆಯೆಂದರೆ ಹಾಗೆ ನಿಲ್ಲುವುದೇ.